ಮೊಗ್ಗಿನಲ್ಲೇ ಉದುರಿದ ದಾಸವಾಳ

ಕ್ಯಾತನಹಳ್ಳಿಯ ನಮ್ಮ ಹಿತ್ತಲಿನ ದಾಸವಾಳವು ಒಂದು ಬೇಸಗೆಯಲ್ಲಿ ಪೂಜೆಗೆ ಒಂದು ಹೂವನ್ನೂ ಕೊಡಲಿಲ್ಲ. ಬೆಳಗಾದರೆ ಬುಡದ ತುಂಬ ಹಳದಿಗಟ್ಟಿದ ಮೊಗ್ಗುಗಳು. ಚಿಗುರು ಮುರುಟಿ, ಗೆಣ್ಣುಗಳಲ್ಲಿ ಹಿಟ್ಟುತಿಗಣೆ ಬೆಳ್ಳಗೆ ಮುತ್ತಿತ್ತು. ಅಂಗಡಿಯಿಂದ ಕೀಟನಾಶಕ ತಂದದ್ದೂ ಆಯಿತು. ಆದರೆ ಕರಸ್ಥಲದ ಲಿಂಗಕ್ಕೆ ಏರಿಸುವ ಹೂವಿಗೆ ವಿಷ ಸಿಂಪಡಿಸಲು ಮನಸ್ಸು ಬಾರಲಿಲ್ಲ. ಮೇಲಾಗಿ ಮನೆಯ ಮಕ್ಕಳು ಅದರ ಎಸಳನ್ನು ಬಾಯಿಗಿಡುವುದುಂಟು.

ತಿಗಣೆ ಸ್ರವಿಸುವ ಸಿಹಿಯಂಟಿನ ಆಸೆಗೆ ಇರುವೆಗಳು ಅದನ್ನು ಕಾಯುತ್ತವೆ. ಆದುದರಿಂದ ಮೊದಲು ಇರುವೆಯ ದಾರಿ ತಪ್ಪಿಸಿ, ಮುತ್ತಿದ ತುದಿಗಳನ್ನು ಕತ್ತರಿಸಿ ಸುಟ್ಟೆವು. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ಬೆರೆಯಲು ಚೂರು ಸಾಬೂನು. ವಾರಕ್ಕೊಮ್ಮೆ ಸಂಜೆ, ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿದೆವು. ಒಂದು ಬಗೆಯ ಗುಲಗಂಜಿ ಹುಳುವಿನ ಮರಿಯೂ ತಿಗಣೆಯಂತೆಯೇ ಬಿಳಿಯ ಕುಚ್ಚು ಹೊತ್ತಿರುತ್ತದೆ. ಅದು ತಿಗಣೆಯನ್ನೇ ತಿಂದು ಬದುಕುವಂಥದು. ತಿಳಿಯದೆ ಕೆಲವನ್ನು ಹೊಸಕಿಬಿಟ್ಟಿದ್ದೆವು!

ತಿಗಣೆ ತೊಲಗಿದರೂ ಮೊಗ್ಗು ಉದುರುವುದು ನಿಲ್ಲಲಿಲ್ಲ. ತಪ್ಪು ನಮ್ಮದೇ. ನಾಲ್ಕು ದಿನ ಒಣಗಲು ಬಿಟ್ಟು, ಐದನೆಯ ದಿನ ಕೊಡಗಟ್ಟಲೆ ಸುರಿಯುತ್ತಿದ್ದೆವು. ಬುಡಕ್ಕೆ ಕಬ್ಬಿನ ತರಗು ಹೊದಿಸಿ, ದಿನವೂ ಬೆಳಿಗ್ಗೆ ಮಿತವಾಗಿ ನೀರೆರೆದೆವು. ಕೊಟ್ಟಿಗೆ ಗೊಬ್ಬರದ ಜೊತೆಗೆ ಧಾರಾಳವಾಗಿ ಹಾಕುತ್ತಿದ್ದ ಯೂರಿಯಾವನ್ನು ನಿಲ್ಲಿಸಿದೆವು. ತಿಂಗಳೊಪ್ಪತ್ತಿನಲ್ಲಿ ಐದು ಹೂವು ಅರಳಿದವು. ಮೂರನ್ನು ಪೂಜೆಗೆ ತಂದು, ಎರಡನ್ನು ಗಿಡದಲ್ಲೇ ಬಿಟ್ಟೆವು.