ಚಮಚದಲ್ಲಿ ಉಜ್ಜಿದ ಕಡಲು

ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಫೋಟೊ ತೆಗೀತಾರೆ. ನಾನೂ ತೆಗೆದೆ, ಇನ್ನೂರಕ್ಕೂ ಮೇಲೆ. ಬೆಂಗಳೂರಿಗೆ ಬಂದು ನೋಡಿದರೆ ಎಲ್ಲವೂ ಬೇರೆಯವರ ಸ್ಟೇಟಸ್‌ನಲ್ಲಿ ನೋಡಿದ್ದೇ! ಮುಂದಿನ ಸಲ ಮಲ್ಪೆಯಲ್ಲಿ ದೋಣಿ ಹತ್ತುವಾಗ ಬ್ಯಾಗಲ್ಲಿ ಪೆನ್ಸಿಲ್ಲು, ಡ್ರಾಯಿಂಗ್ ಪುಸ್ತಕ ಇತ್ತು.

ಬಿಡಿಸೋಕೆ ಕೂತಾಗಲೇ ಆ ಕಲ್ಲಿನ ಕಂಬಗಳು ನಿಜವಾಗಿ ಕಂಡದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ಆರುತ್ತಾ ಕುಗ್ಗಿ, ಬೇಸಿಗೆಯಲ್ಲಿ ನಮ್ಮೂರ ಕೆರೆಯ ಕೆಸರು ಬಿರಿಯುವ ಹಾಗೆ ಬಿರಿದು, ಬಿರುಕು ಆಳಕ್ಕಿಳಿದು ಕಂಬಗಳಾಗಿವೆ. ಎಲ್ಲಕ್ಕೂ ಆರೇ ಮೂಲೆ ಅನ್ನೋ ಮಾತು ನಂಬಬೇಡಿ. ಎಣಿಸಿದ್ದೀನಿ, ಐದರದ್ದೂ ಇದೆ, ಏಳರದ್ದೂ ಇದೆ.

ಆ ಗೆರೆಗಳನ್ನ ಮನೆಯಲ್ಲಿ ಲಿನೋಲಿಯಂ ಹಾಳೆ ಮೇಲೆ ಕೆತ್ತೋಕೆ ಶುರುಮಾಡಿದೆ. ಲಿನೋಕಟ್‌ನಲ್ಲಿ ಎಲ್ಲ ಉಲ್ಟಾ. ಕೆತ್ತಿದ್ದು ಬಿಳಿಯಾಗುತ್ತೆ, ಬಿಟ್ಟದ್ದಕ್ಕೆ ಮಸಿ ಹತ್ತುತ್ತೆ, ಎಡಗಡೆಯ ಕಡಲು ಅಚ್ಚಿನಲ್ಲಿ ಬಲಕ್ಕೆ ಬರುತ್ತೆ. ಹಾಳೆ ಗಡುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗಿಡಬೇಕು. ಪ್ರೆಸ್ ಎಲ್ಲಿಂದ ತರೋದು? ರೋಲರ್‌ನಲ್ಲಿ ಮಸಿ ಹಚ್ಚಿ, ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿಂದ ಉಜ್ಜೋದು, ಅಷ್ಟೆ.

ಅಪ್ಪ ಬಡಗಿ. ಕೈ ನಡುಗೋಕೆ ಶುರುವಾದ ಮೇಲೆ ಉಳಿ ಮುಟ್ಟಿಲ್ಲ, ಎರಡು ವರ್ಷ ಆಯ್ತು. ಡಾಕ್ಟರಿಗೆ ತೋರಿಸೋಕೆ ಅಂತ ಬಂದವರು ದಿನವಿಡೀ ಟೀವಿ ಮುಂದೆ ಕೂತಿರೋರು, ಏನು ಓಡ್ತಿದೆ ಅಂತಲೂ ನೋಡ್ತಿರಲಿಲ್ಲ. ಒಂದು ಸಂಜೆ ನನ್ನ ಪಕ್ಕ ಬಂದು ಕೂತ್ರು. ಲಿನೋ ಮೇಲೆ ಬೆರಳಾಡಿಸಿ, "ಇದೇನ್ ಮರವೋ ರಬ್ಬರೋ?" ಅಂದ್ರು. ಆಮೇಲೆ ಉಳಿಯ ಬಾಯಿ ನೋಡಿ, "ಮಸೆಯೋ ಕಲ್ಲು ತಗೊಂಬಾ."

ಮಸೆಯುವಾಗ ಕೈ ಅಷ್ಟಾಗಿ ನಡುಗಲಿಲ್ಲ. ಚಮಚ ಹಿಡಿದಾಗ ಮತ್ತೆ ನಡುಗಿತು. ಅವರು ಉಜ್ಜಿದ ಅಚ್ಚಿನಲ್ಲಿ ಕಂಬಗಳ ಬುಡದ ಮಸಿ ಒಂದು ಕಡೆ ದಟ್ಟ, ಒಂದು ಕಡೆ ತೇಲಿಹೋದ ಹಾಗೆ. ಈಗಷ್ಟೇ ಅಲೆ ಹೊಡೆದು ವಾಪಸ್ ಹೋದಂತಿತ್ತು. ಅಪ್ಪ ಅಂತ ಹೊಗಳ್ತಿಲ್ಲ, ನಾನು ಒಂದೇ ಸಮ ಉಜ್ಜಿದ ಪ್ರಿಂಟ್‌ಗಳಲ್ಲಿ ಕಲ್ಲಿದೆ, ನೀರಿಲ್ಲ.

ಅಪ್ಪನಿಗೆ ಮಾತ್ರ ಅದು ಹಿಡಿಸಲಿಲ್ಲ. "ಹರಿದು ಬಿಸಾಕು, ಇನ್ನೊಂದು ತೆಗಿ" ಅಂದ್ರು. ಅವತ್ತು ಹನ್ನೊಂದು ತೆಗೆದ್ವಿ. ಮೊದಲಿನದ್ದು ಬೀರುವಿನಲ್ಲಿ ಬಚ್ಚಿಟ್ಟಿದ್ದೀನಿ.

ಈಗ ಆ ಕಂಬಗಳನ್ನ ಮುಟ್ಟಿ ನೋಡ್ಬೇಕಂತೆ ಅವರಿಗೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡಲ್ಲ. ಶುರುವಾದ ಮೇಲೂ, ಹತ್ತೋವಾಗ ಇಬ್ಬರು ಹಿಡ್ಕೋಬೇಕು. ತಮ್ಮನಿಗೆ ಈಗಲೇ ರಜೆ ಹಾಕೋಕೆ ಹೇಳಿದ್ದೀನಿ.