ಙ ಅಕ್ಷರಕ್ಕೂ ಒಂದು ಕೆಲಸ



ಜೂನ್ ತಿಂಗಳಲ್ಲಿ ನ್ಯೂಜಿಲೆಂಡಿನಲ್ಲಿ ರಾಷ್ಟ್ರೀಯ ಸ್ವಯಂಸೇವಕರ ವಾರ ಬರುತ್ತದೆ. ಆ ನೆಪದಲ್ಲಿ ನಿಮ್ಮ ಅನುಭವ ಬರೆದುಕೊಡಿ ಎಂದು ನಮ್ಮ ಶಾಲೆಯವರು ಕೇಳಿದರು. ಸೇವೆ ಎಂಬ ದೊಡ್ಡ ಮಾತು ನನಗೆ ಒಪ್ಪುವುದಿಲ್ಲ. ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು. ಅದು ಹೇಗೆಂದು ಹೇಳುತ್ತೇನೆ, ಕೇಳಿ.

ನಾವು ಫ್ಲ್ಯಾಟ್ ಬುಷ್‌ಗೆ ಬಂದದ್ದು 2018ರ ಜನವರಿಯಲ್ಲಿ. ಆಗ ನನಗೆ 46 ವರ್ಷ. ಅದಕ್ಕೆ ಮುಂಚೆ ಹಾಸನದ ಒಂದು ಸಹಕಾರಿ ಬ್ಯಾಂಕಿನಲ್ಲಿ 19 ವರ್ಷ ಕೆಲಸ ಮಾಡಿದ್ದೆ. ಊರಿನಲ್ಲಿ ತರಕಾರಿ ತರಲು ಹೋದರೂ ನಾಲ್ಕು ಜನ "ನಮಸ್ಕಾರ ಮೇಡಂ" ಎನ್ನುತ್ತಿದ್ದರು. ಇಲ್ಲಿ ಯಜಮಾನರು ಕೆಲಸಕ್ಕೆ, ಮಗ ಶಾಲೆಗೆ ಹೊರಟ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ. ಬ್ಯಾರಿ ಕರ್ಟಿಸ್ ಪಾರ್ಕಿನಲ್ಲಿ ಒಂದು ಸುತ್ತು ನಡೆದು, ಕೆಂಪು ಕೊಕ್ಕಿನ ಪೂಕೆಕೊ ಹಕ್ಕಿಗಳನ್ನು ನೋಡಿ ಮನೆಗೆ ಬಂದರೂ ಗಡಿಯಾರದಲ್ಲಿ ಇನ್ನೂ ಹನ್ನೊಂದೇ ಆಗಿರುತ್ತಿತ್ತು.

ಕೆಲಸಕ್ಕೆ ಅರ್ಜಿ ಹಾಕಿದೆ. ಎಲ್ಲ ಕಡೆಯಿಂದಲೂ ಒಂದೇ ಉತ್ತರ: ಈ ದೇಶದ ಅನುಭವ ಇಲ್ಲ. ಇಲ್ಲಿ ಅರ್ಜಿಯ ಕೊನೆಯಲ್ಲಿ ಸಾಮಾನ್ಯವಾಗಿ ಇಬ್ಬರು ರೆಫರಿಗಳ ಹೆಸರು ಕೇಳುತ್ತಾರೆ, ಅಂದರೆ ನಮ್ಮ ಕೆಲಸ ಬಲ್ಲವರು, ಫೋನ್ ಮಾಡಿದರೆ ನಮ್ಮ ಬಗ್ಗೆ ಎರಡು ಮಾತು ಹೇಳುವವರು. ನನ್ನನ್ನು ಬಲ್ಲವರು ಇಲ್ಲಿ ಯಾರಿದ್ದರು? ಪಕ್ಕದ ಮನೆಯ ನಾಯಿ ಮಾತ್ರ ಬಾಲ ಅಲ್ಲಾಡಿಸುತ್ತಿತ್ತು.

ಪ್ರತಿ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಅವರು ಕೇಳುವುದು ಒಂದೇ ಪ್ರಶ್ನೆ. "ದಿನವೆಲ್ಲಾ ಏನ್ ಮಾಡ್ತಿರ್ತೀಯ ಪುಟ್ಟಿ?" ನಾನು ಮಾತು ಬದಲಿಸಿ ಹವಾಮಾನದ ಬಗ್ಗೆ ಹೇಳುತ್ತಿದ್ದೆ.

ಭಾನುವಾರ ಮಧ್ಯಾಹ್ನ ಮಗನನ್ನು ಕನ್ನಡ ಶಾಲೆಗೆ ಬಿಟ್ಟು ನಾನು ಕಾರಿನಲ್ಲೇ ಕೂತಿರುತ್ತಿದ್ದೆ. ಬೇರೆ ಪೋಷಕರು ಒಳಗೆ ಕಾಫಿ ಕುಡಿಯುತ್ತಾ ಹರಟುತ್ತಿದ್ದರು. "ನೀವು ಎಲ್ಲಿ ಕೆಲಸ ಮಾಡ್ತಿದ್ದೀರಾ?" ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಅಳುಕು ನನಗೆ. ಒಂದು ದಿನ ಕಾರಿನ ಕಿಟಕಿ ತಟ್ಟಿದ ಸದ್ದಾಯಿತು.

"ಅಕ್ಕಾ, ಒಬ್ರು ಟೀಚರ್‌ಗೆ ಜ್ವರ. ಏಳು ಮಕ್ಕಳಿದ್ದಾರೆ. ಇವತ್ತೊಂದಿನ ನೋಡ್ಕೊಳ್ತೀರಾ?"

"ನಂಗೆ ಪಾಠ ಮಾಡಿ ಅಭ್ಯಾಸ ಇಲ್ಲ ಕಣ್ರೀ."

"ಕನ್ನಡ ಬರುತ್ತಲ್ಲ, ಸಾಕು."

ಸಾಕಾಗಲಿಲ್ಲ! ಬೋರ್ಡಿನ ಮೇಲೆ ಅ, ಆ ಬರೆದು "ಹೇಳಿ" ಎಂದೆ. ಐದು ನಿಮಿಷದಲ್ಲಿ ಒಬ್ಬ ಮೇಜಿನ ಕೆಳಗಿದ್ದ, ಇಬ್ಬರು ಜಗಳವಾಡುತ್ತಿದ್ದರು. ಬೇರೆ ದಾರಿ ಕಾಣದೆ, ಮಧ್ಯಾಹ್ನ ಏನು ಊಟ ಮಾಡಿದಿರಿ ಎಂದು ಕೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, "ಅಮ್ಮ ಹುಲಿ ಮಾಡಿದ್ರು. ಅನ್ನಕ್ಕೆ ಹುಲಿ ಹಾಕೊಂಡು ತಿಂದೆ" ಎಂದಳು. ನಾನು ಬೋರ್ಡಿನ ಮೇಲೆ ಒಂದು ಹುಲಿ ಬಿಡಿಸಿ, "ಇದನ್ನಾ?" ಎಂದೆ. ತರಗತಿಯೆಲ್ಲಾ ನಗು. ಅವತ್ತು ನಾವು ಅ, ಆ ಕಲಿಯಲಿಲ್ಲ. ಹುಲಿ-ಹುಳಿ, ಬಲೆ-ಬಳೆ, ಕಲೆ-ಕಳೆ ಎಂದು ನಾಲಿಗೆ ಮಡಿಸಿ ಮಡಿಸಿ ಆಡಿದೆವು. ಮನೆಗೆ ಬರುವಾಗ ಕಾರಿನಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಮುಂದಿನ ವಾರವೂ ಹೋದೆ. ಮಕ್ಕಳ ಜೊತೆ ಇರುವವರಿಗೆ ಪೊಲೀಸ್ ವೆಟ್ಟಿಂಗ್ ಆಗಬೇಕು ಎಂದರು. ಫಾರ್ಮ್ ತುಂಬಿಕೊಟ್ಟೆ. ನಾನು "ಟೀಚರ್" ಆದೆ.

ಮಕ್ಕಳೇ, ಈಗ ನಿಮಗೆ ಒಂದು ಪ್ರಶ್ನೆ. ಕ ಖ ಗ ಘ ಆದಮೇಲೆ ಒಂದು ಅಕ್ಷರ ಬರುತ್ತದಲ್ಲ, ಙ, ಅದರಿಂದ ಶುರುವಾಗುವ ಒಂದು ಕನ್ನಡ ಪದ ಹೇಳಿ ನೋಡೋಣ. ಸಿಗಲಿಲ್ಲ ತಾನೇ? ಅದರ ಸದ್ದು 'ಅಂಗಡಿ', 'ಬೆಂಗಳೂರು' ಎನ್ನುವಾಗ ಗ ಮುಂದೆ ಅಡಗಿ ಕೂತಿರುತ್ತದೆ, ಅದೂ ಸೊನ್ನೆಯ ವೇಷದಲ್ಲಿ. ನಮ್ಮ ತರಗತಿಯ ಒಬ್ಬ ಹುಡುಗ ಕೇಳಿಯೇಬಿಟ್ಟ. "ಟೀಚರ್, ಯೂಸ್ ಇಲ್ಲ ಅಂದ್ರೆ ಯಾಕೆ ಇಟ್ಕೊಂಡಿದ್ದೀವಿ?"

ನನಗೆ ಉತ್ತರ ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನಗೇ ತಾಗಿತು. ನಾನೂ ಹಾಗೇ ಆಗಿದ್ದೆನಲ್ಲ, ಸಾಲಿನಲ್ಲಿ ಜಾಗ ಇದೆ, ಕೆಲಸ ಇಲ್ಲ. "ಹಿರಿಯರು ಇಟ್ಟಿದ್ದಾರೆ, ಸುಮ್ನೆ ಬಾಯಿಪಾಠ ಮಾಡಿ" ಎಂದುಬಿಟ್ಟೆ. ಅದನ್ನು ಹೇಗೆ ಉಚ್ಚರಿಸುವುದು ಎಂದು ತೋರಿಸಿದಾಗ, ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು.

"ಟೀಚರ್, ಇದು ಮಾವೊರಿ ಸೌಂಡ್! ಕಪ ಹಾಕಾದಲ್ಲಿ ಹೇಳ್ತೀವಿ. 'ಙಾ ತಮರಿಕಿ' ಅಂದ್ರೆ ಮಕ್ಕಳು. 'ಙಹೆರೆ' ಅಂದ್ರೆ ಬುಷ್, ಕಾಡು."

ನಾನು ಬೋರ್ಡಿನ ಮೇಲೆ 'ಙಹೆರೆ' ಎಂದು ಬರೆದೆ. 46 ವರ್ಷಗಳಲ್ಲಿ ಆ ಅಕ್ಷರದಿಂದ ನಾನು ಬರೆದ ಮೊದಲ ಪದ ಅದು. ಅದೂ ನಮ್ಮೂರಿನ ಹೆಸರಿನಲ್ಲೇ ಇರುವ ಪದ! ಫ್ಲ್ಯಾಟ್ ಬುಷ್ ಎಂಬಲ್ಲಿನ ಬುಷ್ ಕಾಡೇ ತಾನೇ? ಮರ್ಫಿಸ್ ಬುಷ್‌ಗೆ ಹೋದರೆ ಕಹಿಕಟೆಯ ಮರಗಳಿರುವ ಹಳೆಯ ಕಾಡಿನ ಒಂದು ತುಣುಕು ಇವತ್ತಿಗೂ ಉಳಿದಿದೆ.

ಅಂದಿನಿಂದ ಪಾಠ ಎರಡೂ ಕಡೆಯಿಂದ ನಡೆಯಿತು. ನಾನು ಕನ್ನಡ ಹೇಳಿಕೊಡುತ್ತಿದ್ದೆ, ಮಕ್ಕಳು ನನಗೆ ಮಾವೊರಿ ಹೇಳಿಕೊಡುತ್ತಿದ್ದರು. ಅ ಎ ಇ ಒ ಉ, ಅವರಿಗೂ ಐದು ಸ್ವರ. ಹ್ರಸ್ವ-ದೀರ್ಘ ತಪ್ಪಿದರೆ ಅರ್ಥ ಕೆಡುವುದೂ ನಮ್ಮ ಹಾಗೆಯೇ. 'ಕೆಕೆ' ಅಂದರೆ ಕೇಕು, 'ಕೇಕೇ' ಅಂದರೆ ಕಂಕುಳು! ಕಂಕುಳು ತಿನ್ನುತ್ತೀರಾ ಎಂದು ಕೇಳಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಪೋಷಕರೇ, ಇಲ್ಲಿನ ಊರುಗಳ ಹೆಸರು ಹೇಳಲು ಸಂಕೋಚಪಡಬೇಡಿ. ಕನ್ನಡ ಬಲ್ಲ ನಾಲಿಗೆಗೆ ಅವು ಸುಲಭ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ತರಗತಿ ಜೂಮ್‌ಗೆ ಬಂತು. ಪರದೆಯ ಮುಂದೆ ಮಕ್ಕಳನ್ನು ಹಿಡಿದು ಕೂರಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದಾಗ ಅಮ್ಮನ ನೆನಪಾಯಿತು. ಇಲ್ಲಿ ಮಧ್ಯಾಹ್ನ ಮೂರೂವರೆ ಎಂದರೆ ಹಾಸನದಲ್ಲಿ ಬೆಳಿಗ್ಗೆ ಒಂಬತ್ತು. ಅಮ್ಮ ತಿಂಡಿ ಮುಗಿಸಿ, ಸೀರೆ ಬದಲಾಯಿಸಿ, ಫೋನಿನ ಮುಂದೆ ಕೂತು ಮಕ್ಕಳಿಗೆ ಒಗಟು ಹೇಳುತ್ತಿದ್ದರು. ಉತ್ತರ ಹೇಳಿದವರಿಗೆ "ಭೇಷ್ ಕಂದಾ" ಎನ್ನುತ್ತಿದ್ದರು. ಮೂರನೇ ವಾರ ತರಗತಿ ಮುಗಿದ ಮೇಲೆ, "ಈಗ ಗೊತ್ತಾಯ್ತು ಬಿಡು, ನೀನೇನ್ ಮಾಡ್ತೀಯ ಅಂತ" ಎಂದರು. ಆಮೇಲೆ ಅವರು ಆ ಪ್ರಶ್ನೆ ಕೇಳಲಿಲ್ಲ.

ಎಲ್ಲವೂ ಚೆನ್ನಾಗೇ ನಡೆಯಿತು ಎಂದರೆ ಸುಳ್ಳಾಗುತ್ತದೆ. ಬೇಕಾದವಳಾದೆ ಎಂಬ ಖುಷಿಯಲ್ಲಿ ಯಾರು ಏನು ಕೇಳಿದರೂ ಹೂಂ ಎನ್ನತೊಡಗಿದೆ. ರಾಜ್ಯೋತ್ಸವದ ನಾಟಕ, ಊಟದ ವ್ಯವಸ್ಥೆ, ಲೆಕ್ಕಪತ್ರ, ಎಲ್ಲವೂ. ಒಂದು ರಾತ್ರಿ ಮಗನ ಹೋಮ್‌ವರ್ಕ್ ವಿಷಯಕ್ಕೆ ರೇಗಿದೆ. ಅವನು ತಣ್ಣಗೆ, "ಭಾನುವಾರ ಆ ಮಕ್ಕಳ ಮೇಲೆ ನೀನು ಕೋಪ ಮಾಡ್ಕೊಳ್ಳಲ್ಲ, ಅಮ್ಮಾ" ಎಂದ. ಅವತ್ತು ನಿದ್ದೆ ಬರಲಿಲ್ಲ. ಮರುದಿನವೇ ಎರಡು ಕೆಲಸಗಳನ್ನು ಬೇರೆಯವರಿಗೆ ಒಪ್ಪಿಸಿದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ನಾನಿಲ್ಲದಿದ್ದರೆ ನಡೆಯುವುದೇ ಇಲ್ಲ ಎಂದುಕೊಂಡಿದ್ದು ನಾನೊಬ್ಬಳೇ.

2021ರಲ್ಲಿ ಶಾಲೆಯ ಇನ್ನೊಬ್ಬ ಪೋಷಕರು ಸಿಟಿಜನ್ಸ್ ಅಡ್ವೈಸ್ ಬ್ಯೂರೋ ಬಗ್ಗೆ ಹೇಳಿದರು. ಬಾಡಿಗೆ, ಕೆಲಸ, ಗ್ರಾಹಕರ ಹಕ್ಕು, ಹೀಗೆ ಯಾವ ವಿಷಯದಲ್ಲಾದರೂ ದಾರಿ ತೋಚದವರಿಗೆ ಉಚಿತವಾಗಿ ಮಾಹಿತಿ ಕೊಡುವ ಸಂಸ್ಥೆ ಅದು. ನಡೆಸುವವರು ಹೆಚ್ಚಾಗಿ ಸ್ವಯಂಸೇವಕರೇ. ತರಬೇತಿ ಅವರೇ ಕೊಡುತ್ತಾರೆ. ಅಲ್ಲಿ ಕೇಳಿದ ಕಥೆಗಳನ್ನು ಹೊರಗೆ ಹೇಳುವಂತಿಲ್ಲ. ಆದರೆ ಒಂದನ್ನು ಹೇಳಬಹುದು. ಗಾಬರಿಯಿಂದ ಬಂದವರನ್ನು ಕೂರಿಸಿ, ಅವರ ಕಾಗದಗಳನ್ನು ಜೋಡಿಸಿ, ಸಮಾಧಾನದಿಂದ ಕೇಳುವ ಕೆಲಸ ನನಗೆ ಹೊಸದಾಗಿರಲಿಲ್ಲ. ಹಾಸನದ ಕೌಂಟರಿನಲ್ಲಿ 19 ವರ್ಷ ಮಾಡಿದ್ದೇ ಅದು. ಆ ಅನುಭವ ವ್ಯರ್ಥವಾಯಿತು ಎಂದುಕೊಂಡಿದ್ದೆ. ಅದು ಎಲ್ಲಿಗೂ ಹೋಗಿರಲಿಲ್ಲ.

ಮರುವರ್ಷ ಒಂದು ಶಾಲೆಯ ಕಚೇರಿಯಲ್ಲಿ ಅರೆಕಾಲಿಕ ಕೆಲಸಕ್ಕೆ ಅರ್ಜಿ ಹಾಕಿದಾಗ, ಇಬ್ಬರು ರೆಫರಿಗಳ ಜಾಗದಲ್ಲಿ ಬರೆಯಲು ನನ್ನ ಬಳಿ ಎರಡು ಹೆಸರಿದ್ದವು. ಕೆಲಸ ಸಿಕ್ಕಿತು. ಬ್ಯಾಂಕಿನ ಹುದ್ದೆಗೆ ಹೋಲಿಸಿದರೆ ಅದು ಚಿಕ್ಕದೇ. ಸ್ವಯಂಸೇವೆ ಮಾಡಿದವರಿಗೆಲ್ಲ ಕೆಲಸ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕೆಲಸ ಸಿಗುವ ಮುಂಚೆಯೇ, ಕಾರಿನಲ್ಲಿ ಕೂರುವ ಅಳುಕು ಹೋಗಿತ್ತು.

ಇಲ್ಲಿನ ಜನ ಸ್ವಯಂಸೇವೆಗೆ 'ಮಹಿ ಅರೊಹ' ಎಂಬ ಮಾವೊರಿ ಮಾತನ್ನೂ ಬಳಸುತ್ತಾರೆ. ಮಹಿ ಎಂದರೆ ಕೆಲಸ, ಅರೊಹ ಎಂದರೆ ಪ್ರೀತಿ. ಕನ್ನಡದಲ್ಲಿ ಮಹಿ ಎಂದರೆ ಭೂಮಿ ಎಂದು ಮಕ್ಕಳಿಗೆ ಹೇಳಿದಾಗ, "ಹಾಗಾದ್ರೆ ಪ್ರೀತಿಯ ಭೂಮಿನಾ ಟೀಚರ್?" ಎಂದು ಒಬ್ಬಳು ಕೇಳಿದಳು. ಇರಲಿ ಬಿಡಿ, ಅದೂ ತಪ್ಪಲ್ಲ.

ನಡುವಯಸ್ಸಿನಲ್ಲಿ ಊರು ಬಿಟ್ಟು ಬಂದ ನನ್ನಂಥವರು ನಮ್ಮ ಶಾಲೆಯ ಪೋಷಕರಲ್ಲಿ ಇನ್ನೂ ಇದ್ದೀರಿ, ನನಗೆ ಗೊತ್ತು. ಕೆಲವರು ಈಗಲೂ ಕಾರಿನಲ್ಲೇ ಕೂತಿರುತ್ತೀರಿ. ಪಾಠ ಮಾಡಲು ಬರಬೇಕಿಲ್ಲ. ಕುರ್ಚಿ ಹಾಕಲು, ಕಥೆ ಓದಲು, ಹಾಜರಿ ಬರೆಯಲು ಜನ ಬೇಕು. ತಿಂಗಳಿಗೆ ಒಂದು ಭಾನುವಾರ, ಎರಡು ಗಂಟೆ, ಅಷ್ಟರಿಂದ ಶುರು ಮಾಡಿ. ಮನೆಯವರನ್ನು ಕೇಳಿಯೇ ಹೂಂ ಎನ್ನಿ.

ಮಕ್ಕಳೇ, ನಿಮಗೂ ಒಂದು ಕೆಲಸ. ಈ ಭಾನುವಾರ ಬರುವಾಗ ಙ ಇಂದ ಶುರುವಾಗುವ ಇನ್ನೊಂದು ಮಾವೊರಿ ಪದ ಹುಡುಕಿಕೊಂಡು ಬನ್ನಿ. ಅದನ್ನು ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆಯೋಣ. ಬರುವಾಗ ಅಪ್ಪ-ಅಮ್ಮನನ್ನೂ ಕಾರಿನಿಂದ ಇಳಿಸಿ ಒಳಗೆ ಕರೆದುಕೊಂಡು ಬನ್ನಿ.