ಅಡಿಕೆ ಸುಲಿಯುವ ರಾತ್ರಿ ಬಂದ ಸುದ್ದಿ

‘ಸರ್, ಸುಮ್ನೆ ಫಾರ್ವರ್ಡ್ ಮಾಡಿದವರಿಗೂ ಜೈಲಾ?’

ಯಲ್ಲಾಪುರದ ನಮ್ಮ ಕಾಲೇಜಿನಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಹೀಗೆ ಕೇಳಿದ. 2025ರ ಡಿಸೆಂಬರ್. ಬೆಳಗಾವಿಯ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆಯುವ ಮಸೂದೆ ಅಂಗೀಕಾರವಾಗಿ ಒಂದೆರಡು ದಿನವಾಗಿತ್ತಷ್ಟೆ. ಮೊದಲ ಸಲದ ತಪ್ಪಿಗೆ 1ರಿಂದ 7 ವರ್ಷ ಸೆರೆ, 50 ಸಾವಿರ ರೂಪಾಯಿ ದಂಡ ಎಂದು ಪತ್ರಿಕೆ ನೋಡಿ ಹೇಳುತ್ತಿದ್ದೆ. ‘ಹರಡುವುದೂ ಅದರಲ್ಲಿ ಸೇರಿದೆ. ಆದರೆ ಉದ್ದೇಶ ಏನಿತ್ತೆಂದು ಕೋರ್ಟು ನೋಡುತ್ತದೆ’ ಎಂದೆ. ಉತ್ತರ ಸರಿಯಾಗಿಯೇ ಇತ್ತು. ಆದರೂ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು.

2017ರ ಡಿಸೆಂಬರಿನಲ್ಲಿ ನಾನು ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದೆ. ಮನೆ ಸಿದ್ದಾಪುರ ರಸ್ತೆಯ ಒಂದು ಹಳ್ಳಿ. ಕೊನೆಕೊಯ್ಲಿನ ಕಾಲ. ರಾತ್ರಿ ಊಟವಾದ ಮೇಲೆ ಅಕ್ಕಪಕ್ಕದ ಮನೆಯವರೆಲ್ಲ ಬಂದು ಅಂಗಳದ ಚಪ್ಪರದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಹೊನ್ನಾವರದಲ್ಲಿ ಗಲಾಟೆಯಾಗಿತ್ತು. ಡಿಸೆಂಬರ್ 6ರಂದು ಕಾಣೆಯಾದ ಯುವಕನ ಶವ 8ರಂದು ಕೆರೆಯಲ್ಲಿ ಸಿಕ್ಕಿತ್ತು. ಆ ರಾತ್ರಿ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ಅವನನ್ನು ಹೇಗೆಲ್ಲ ಹಿಂಸಿಸಿ ಕೊಂದರು ಎಂದು ಕಣ್ಣಾರೆ ಕಂಡವರಂತೆ ಬರೆದಿದ್ದರು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಮೆಟ್ಟುಗತ್ತಿಗಳ ಸದ್ದು ನಿಂತಿತು. ಆಯಿ ‘ಅಯ್ಯೋ ದೇವರೇ’ ಎಂದಳು. ನಾನು ಅದನ್ನು ಮೂರು ಗುಂಪುಗಳಿಗೆ ಕಳಿಸಿದೆ. ಎರಡು ನಿಮಿಷದ ಕೆಲಸ. ನಿಜ ಹೇಳಬೇಕೆಂದರೆ, ನನ್ನ ಮಾತಿಗೆ ಇಡೀ ಚಪ್ಪರ ಸುಮ್ಮನಾದದ್ದು ನನಗೆ ಹಿತವೆನಿಸಿತ್ತು.

11ರಂದು ಕುಮಟಾದಲ್ಲಿ ಪೊಲೀಸ್ ಐಜಿಯವರ ವಾಹನಕ್ಕೇ ಬೆಂಕಿ ಬಿತ್ತು. 12ರಂದು ಶಿರಸಿ ಬಂದ್. ಕಲ್ಲು ತೂರಾಟ, ಅಶ್ರುವಾಯು.

ನಮ್ಮ ತೋಟದ ಬಾಳೆಗೊನೆ ಕೊಳ್ಳಲು ಶಿರಸಿಯಿಂದ ಟೆಂಪೊದಲ್ಲಿ ಒಬ್ಬ ಸಾಯ್ಬರು ಬರುತ್ತಿದ್ದರು. ಅಪ್ಪಯ್ಯನಿಗೂ ಅವರಿಗೂ ಇಪ್ಪತ್ತು ವರ್ಷದ ವ್ಯವಹಾರ, ಲೆಕ್ಕವೆಲ್ಲ ಬಾಯಲ್ಲೇ. ಗೊನೆ ಏರಿಸಿದ ಮೇಲೆ ಜಗುಲಿಯ ಅಂಚಿನಲ್ಲಿ ಕೂತು ಆಸರಿಗೆ ಕುಡಿದು, ಅಪ್ಪಯ್ಯನ ತಬಕಿನಿಂದ ಒಂದು ಕವಳ ಹಾಕಿಯೇ ಹೊರಡುವುದು. ಬಂದ್ ಆದ ಮೇಲೆ ಮೂರು ವಾರ ಅವರ ಸುಳಿವಿಲ್ಲ. ಗೊನೆಗಳು ಹಣ್ಣಾಗಿ ಬಾವಲಿಯ ಪಾಲಾದವು. ಕೊನೆಗೊಂದು ದಿನ ಬಂದರು. ಟೆಂಪೊದ ಮುಂದಿನ ಗಾಜು ಹೊಸದು. ‘ಕಲ್ಲು ಬಿತ್ತು ಭಟ್ರೇ’ ಎಂದರು, ಅಷ್ಟೇ. ಅಂಗಳದಲ್ಲೇ ನಿಂತು ದುಡ್ಡು ಎಣಿಸಿದರು. ಅಪ್ಪಯ್ಯ ತಬಕು ಮುಂದೆ ಸರಿಸಿದ. ‘ಇವತ್ತು ಬ್ಯಾಡ, ಹಲ್ಲುನೋವು’ ಎಂದು ಹೊರಟರು.

ಆ ಕಲ್ಲಿಗೂ ನಾನು ಕಳಿಸಿದ ಸಂದೇಶಕ್ಕೂ ಸಂಬಂಧವಿತ್ತೇ? ಯಾವ ಕೋರ್ಟೂ ಇದೆ ಎನ್ನಲಾರದು. ಇಲ್ಲ ಎಂದು ನನಗೂ ಹೇಳಲಾಗದು.

ಶವ ಪರೀಕ್ಷೆ ಮಾಡಿದ ವೈದ್ಯರ ಉತ್ತರಗಳನ್ನು ಪೊಲೀಸರು ಆಗಲೇ ಬಹಿರಂಗಪಡಿಸಿದ್ದರು. ಸಂದೇಶದಲ್ಲಿದ್ದ ಚಿತ್ರಹಿಂಸೆಯ ಕತೆಗೆ ಅವು ಹೊಂದುತ್ತಿರಲಿಲ್ಲ. ಅದೂ ನನ್ನ ಮೊಬೈಲಿಗೆ ಬಂದಿತ್ತು. ಓದಿದೆ. ಯಾರಿಗೂ ಕಳಿಸಲಿಲ್ಲ. ಪ್ರಕರಣ ಸಿಬಿಐಗೆ ಹೋಯಿತು. ಅದು ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರ ಅಕ್ಟೋಬರಿನಲ್ಲಿ. ನನ್ನ ಎರಡು ನಿಮಿಷದ ಎದುರು ಸುಮಾರು ಐದು ವರ್ಷ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಯಲ್ಲಿ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ಯಾರೂ ದೂರು ಕೊಡದಿದ್ದರೂ ದ್ವೇಷ ಭಾಷಣದ ಮೇಲೆ ಮೊಕದ್ದಮೆ ಹೂಡಿ ಎಂದು 2023ರಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿತು. 2025ರ ಜೂನಿನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆಂದು ವಿಶೇಷ ಕಾರ್ಯಪಡೆ ಬಂತು. ಸಿದ್ದಾಪುರದ ಗಡಿ ದಾಟಿದರೆ ಶಿವಮೊಗ್ಗ ಜಿಲ್ಲೆ. ನಮ್ಮ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಚೌತಿ, ಈದ್ ಬಂದಾಗ ಠಾಣೆಯಲ್ಲಿ ಶಾಂತಿ ಸಭೆ ನಡೆಯುತ್ತದೆ. ಅಲ್ಲಿಗೆ ಬರುವವರು ಊರಿನ ಹಿರಿಯರು, ಮುಖಂಡರು. ಮೊಬೈಲ್ ಹಿಡಿದ ಇಪ್ಪತ್ತರ ಹುಡುಗನನ್ನು ಯಾರೂ ಕರೆಯುವುದಿಲ್ಲ. ಹೊಸ ಮಸೂದೆ ಆಳುವವರಿಗೆ ಬೇಡವಾದ ಮಾತನ್ನೂ ದ್ವೇಷವೆಂದು ಕರೆದೀತು ಎಂಬ ಭಯ ಹಲವರಿಗಿದೆ, ನನಗೂ ಇದೆ. ಆದರೆ ನನ್ನ ಚಿಂತೆ ಬೇರೆ. ಕಾನೂನು ವೇದಿಕೆಯ ಮೇಲಿನ ಮೈಕನ್ನು ಹಿಡಿಯಬಲ್ಲದು. ಅಡಿಕೆ ಸುಲಿಯುವ ಚಪ್ಪರಕ್ಕೆ ಅದು ಬರಲಾರದು. ಅಲ್ಲಿ ‘ಇದು ನಿಜವೇನೋ ತಮಾ, ಯಾರು ನೋಡಿದ್ದು?’ ಎಂದು ಕೇಳುವ ಒಬ್ಬರು ಬೇಕಿತ್ತು. ಆ ರಾತ್ರಿ ಯಾರೂ ಕೇಳಲಿಲ್ಲ. ಓದಿದ ಹುಡುಗನೆಂದು ಎಲ್ಲರೂ ನನ್ನನ್ನು ನಂಬಿದರು.

ಮರುದಿನ ತರಗತಿಯಲ್ಲಿ ಪುಸ್ತಕ ಮುಚ್ಚಿಟ್ಟು ಇದನ್ನೆಲ್ಲ ಹೇಳಿದೆ. ನಮ್ಮ ತರಗತಿಯಲ್ಲಿ ಸಿದ್ದಿ ಸಮುದಾಯದ ಮಕ್ಕಳಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿರುವ ಸಮುದಾಯ ಅದು. ಅವರು ಸುಮ್ಮನೆ ಕೇಳುತ್ತಿದ್ದರು. ಹಿಂದಿನ ಬೆಂಚಿನ ಹುಡುಗ ಈ ಸಲ ಜೈಲಿನ ಬಗ್ಗೆ ಕೇಳಲಿಲ್ಲ.

‘ಆಮೇಲೆ ಅವರು ಕವಳ ಹಾಕಿದ್ರಾ ಸರ್?’ ಎಂದ.

ಇಲ್ಲ ಎಂದೆ. ಈಗ ಬರುವುದು ಅವರ ಮಗ. ಅವನು ಟೆಂಪೊದಿಂದ ಇಳಿಯುವುದೇ ಇಲ್ಲ.